ಅವರ ಕೈಯಲ್ಲಾಗುವಷ್ಟು

ಜೂನ್ 3, 2024, ಸೋಮವಾರ
ತಿಪಟೂರು

ಶನಿವಾರ ಬೆಂಗಳೂರಿನಲ್ಲಿ ಡಾಕ್ಟರು ಹೇಳಿದ್ದನ್ನು ಬರೆದಿಡುತ್ತೇನೆ. ಅತ್ತೆಗೆ ಇರುವುದು ಅಲ್ಜೈಮರ್, ಅದರಲ್ಲಿ ಈಗ ಅನುಮಾನ ಉಳಿದಿಲ್ಲ. ಡೊನೆಪೆಜಿಲ್ ಮಾತ್ರೆ ಮುಂದುವರಿಯಬೇಕು. ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಸ್ವಲ್ಪ ಕಾಲ ಅನುಕೂಲ ಆಗಬಹುದು, ಅಷ್ಟೆ. ಆಮೇಲೆ ಅವರು ಫೈಲು ಮುಚ್ಚಿ ನನಗೂ ನಮ್ಮ ಯಜಮಾನರಿಗೂ ಹೇಳಿದರು: "ಕೂರಿಸಿ ಸಾಕಬೇಡಿ. ದಿನಾ ನಡೆಸಿ. ಕಾಲಿಗೆ ಬಲ ಬರೋ ವ್ಯಾಯಾಮ ಮಾಡಿಸಿ. ಅವರ ಕೈಯಲ್ಲಾಗೋ ಕೆಲಸ ಅವರ ಕೈಲೇ ಮಾಡಿಸಿ."

ವ್ಯಾಯಾಮ ಅಂದ ಕೂಡಲೆ ಇವರು ನನ್ನ ಕಡೆ ತಿರುಗಿದರು. ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿ ಇಷ್ಟು ವರ್ಷ ಮಕ್ಕಳನ್ನು ಓಡಿಸಿದವಳು ನಾನು, ಈ ಕೆಲಸ ನನ್ನ ಪಾಲಿಗೇ ಬರುತ್ತದೆ ಎಂದು ಅಲ್ಲೇ ಗೊತ್ತಾಯಿತು. ಬೇಸರ ಆಗಲಿಲ್ಲ. ಮಾಡುವುದಕ್ಕೆ ಒಂದು ಕೆಲಸ ಸಿಕ್ಕಿತಲ್ಲ ಎಂದು ಸಮಾಧಾನವೇ ಆಯಿತು.

ಅತ್ತೆಯ ಕೈಯಿಂದ ಯಾವ ಯಾವ ಕೆಲಸ ಜಾರಿತು ಎಂದು ರೈಲಿನಲ್ಲಿ ಕೂತು ಯೋಚಿಸಿದೆ. ಮೊದಲು ಹೋದದ್ದು ಪೋಸ್ಟಾಫೀಸಿನ ಲೆಕ್ಕ. ಆಮೇಲೆ ಫೋನು. ಆಮೇಲೆ ಒಲೆ: ಸಾರಿಗೆ ಎರಡು ಸಲ ಉಪ್ಪು ಬಿತ್ತು, ಗ್ಯಾಸು ಉರಿಯುತ್ತಲೇ ಉಳಿಯಿತು. ಈಗ ಸೀರೆಗೆ ಬಂದಿದೆ. ಸೊಂಟಕ್ಕೆ ಒಂದು ಸುತ್ತು ಸರಿಯಾಗಿ ಸುತ್ತುತ್ತಾರೆ, ನಿರಿಗೆಯ ಹತ್ತಿರ ಬಂದಾಗ ಕೈ ನಿಂತುಬಿಡುತ್ತದೆ. ನಾವು ಯಾರೋ ಒಬ್ಬರು ಓಡಿಹೋಗಿ ಉಡಿಸುತ್ತೇವೆ. ಹೊತ್ತಾಗುತ್ತದೆ ನೋಡಿ, ಸ್ಕೂಲಿನ ಬೆಲ್ಲು, ಇವರ ಕೊಬ್ಬರಿ ಮಂಡಿ.

ಜೂನ್ 9, ಭಾನುವಾರ

ಇವತ್ತು ಸಂತೆಯಿಂದ ಬಂದ ಕಾಕಡವನ್ನು ಅತ್ತೆಯ ಮುಂದೆ ಮೊರದಲ್ಲಿಟ್ಟು, ದಾರದ ಉಂಡೆ ಪಕ್ಕದಲ್ಲಿಟ್ಟು ನಾನು ಸುಮ್ಮನೆ ಎದುರಿಗೆ ಕೂತೆ. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಹೂವನ್ನೇ ನೋಡಿದರು. ಆಮೇಲೆ ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಎರಡು ಹೂ ಆ ಕಡೆ ಎರಡು ಈ ಕಡೆ ಇಟ್ಟು, ಬೆರಳಿಗೆ ದಾರ ಸುತ್ತಿ ಕುಣಿಕೆ ಬೀಳಿಸಿ ಎಳೆದರು. ಗಂಟು ಬಿತ್ತು. ಮತ್ತೊಂದು ಬಿತ್ತು. ನನ್ನ ಹೆಸರು ಕೇಳಿದರೆ ತಡವರಿಸುವವರು ಮೊಳಗಟ್ಟಲೆ ಕಟ್ಟಿದರು. ಗಂಟುಗಳ ನಡುವೆ ಸಂದು ಇರಲಿಲ್ಲ, ನಾನು ಕಟ್ಟಿದರೆ ಇರುತ್ತದೆ.

ಅಕ್ಕನ ಮಗಳು ಬೆಂಗಳೂರಿನಲ್ಲಿ ಫಿಜಿಯೋಥೆರಪಿ ಓದುತ್ತಿದ್ದಾಳೆ. ರಾತ್ರಿ ಫೋನಿನಲ್ಲಿ ಕೇಳಿದೆ. "ಅದು ಬೇರೆ ನೆನಪು ಚಿಕ್ಕಮ್ಮ" ಎಂದಳು. ಬೆಳಿಗ್ಗೆ ಏನು ತಿಂದೆ, ಯಾರು ಬಂದಿದ್ದರು ಎಂಬ ನೆನಪನ್ನು ಹಿಡಿದಿಡುವುದು ಹಿಪ್ಪೋಕ್ಯಾಂಪಸ್ ಎಂಬ ಭಾಗ. ಅಲ್ಜೈಮರ್ ಮೊದಲು ಕೈ ಹಾಕುವ ಜಾಗಗಳಲ್ಲಿ ಅದೂ ಒಂದು. ಕೈಗೆ ಪಳಗಿದ ಕೆಲಸದ ನೆನಪಿಗೆ ಮೆದುಳಿನ ಬೇರೆ ಭಾಗಗಳ ಆಸರೆ ಇದೆ, ಒಳಗಿನ ಬೇಸಲ್ ಗ್ಯಾಂಗ್ಲಿಯಾ, ಹಿಂಬದಿಯ ಸೆರೆಬೆಲ್ಲಮ್. ಅವು ಹೆಚ್ಚು ಕಾಲ ಉಳಿಯುತ್ತವಂತೆ. ಬಾಯಲ್ಲಿ ಹೇಳಿಸಲು ಹೋದರೆ ಸೋಲುವ ಕೆಲಸ, ಸಾಮಾನು ಕೈಗೆ ಕೊಟ್ಟರೆ ತಾನಾಗಿಯೇ ಬರುವುದು ಇದಕ್ಕೇ.

ಕಾಲಿನ ವ್ಯಾಯಾಮವನ್ನೂ ಶುರು ಮಾಡಿದ್ದೇನೆ. ಊಟದ ಮನೆಯ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಬರಿಗಾಲಲ್ಲಿ, ಕೂತು ಏಳುವುದು. ಮಕ್ಕಳಿಗೆ ಹೇಳಿದಂತೆ "ಮುಂದಕ್ಕೆ ಸರೀರಿ, ಪಾದ ಹಿಂದಕ್ಕೆ ತಗೊಳ್ಳಿ, ಎದೆ ಮುಂದಕ್ಕೆ ಬಾಗಿಸಿ, ಏಳಿ" ಎಂದು ಒಂದೇ ಉಸಿರಲ್ಲಿ ಹೇಳಿದರೆ ಅತ್ತೆಗೆ ಅದರಲ್ಲಿ ಒಂದೂ ದಕ್ಕುವುದಿಲ್ಲ. ಎದುರಿಗೆ ಕುರ್ಚಿ ಹಾಕಿಕೊಂಡು ನಾನೇ ಮಾಡಿ ತೋರಿಸಬೇಕು, ಒಂದೊಂದೇ ಮಾತು ಆಡಬೇಕು, ಆಡಿದ ಮೇಲೆ ಕಾಯಬೇಕು. ಕಾಯುವುದೇ ಕಷ್ಟ. ಮಾತು ಒಳಗೆ ಹೋಗಿ ಕಾಲಿಗೆ ಇಳಿಯುವಷ್ಟರಲ್ಲಿ ನಮ್ಮ ಕೈ ಅವರ ಕಂಕುಳಿಗೆ ಹೋಗಿಬಿಟ್ಟಿರುತ್ತದೆ. ಇವತ್ತು ಮಧ್ಯದಲ್ಲಿ ಬೇಡ ಅಂತ ಕೂತವರು, ಹೊರಗೆ ಹಾಲಿನವನ ಬೆಲ್ಲು ಕೇಳಿದ್ದೇ ಯಾರ ಆಸರೆಯೂ ಇಲ್ಲದೆ ಎದ್ದು ಬಾಗಿಲ ತನಕ ನಡೆದರು. ಹಾಗಾದರೆ ಕಾಲಲ್ಲಿ ಬಲ ಇದೆ, ಏಳುವುದಕ್ಕೆ ಒಂದು ಕಾರಣ ಬೇಕು.

ಜೂನ್ 21, ಶುಕ್ರವಾರ

ಸ್ಕೂಲಿನಲ್ಲಿ ಯೋಗ ದಿನ. ಮಕ್ಕಳು ಚೆನ್ನಾಗಿ ಮಾಡಿದರು. ಅತಿಥಿಯಾಗಿ ಬಂದವರೊಬ್ಬರು ಮೈಕಿನಲ್ಲಿ, ದಿನಾ ಇಂಥಿಂಥ ಆಸನ ಮಾಡಿದರೆ ಮರೆವಿನ ಕಾಯಿಲೆ ಹೇಳಹೆಸರಿಲ್ಲದಂತೆ ಹೋಗುತ್ತದೆ, ಹೋದ ನೆನಪೂ ವಾಪಸ್ ಬರುತ್ತದೆ ಎಂದರು. ನನಗೆ ಹೊಟ್ಟೆ ಉರಿಯಿತು. ಇಂಥ ಮಾತನ್ನು ನಂಬಿದ ಮನೆಯವರು ಆರು ತಿಂಗಳು ಮಾಡಿಸಿ, ನೆನಪು ಬರಲಿಲ್ಲವೆಂದು ಏಳನೇ ತಿಂಗಳು ಎಲ್ಲವನ್ನೂ ಬಿಡುತ್ತಾರೆ. ಕಾಲಿನ ಬಲ, ಊಟದ ರುಚಿ, ರಾತ್ರಿಯ ನಿದ್ದೆ, ಸಿಕ್ಕಿದ್ದೂ ಅದರ ಜೊತೆಗೇ ಹೋಗುತ್ತದೆ.

ಅಕ್ಕನ ಮಗಳನ್ನು ನೇರವಾಗಿ ಕೇಳಿದೆ: ವ್ಯಾಯಾಮದಿಂದ ಬುದ್ಧಿ ಚುರುಕಾಗುತ್ತದೋ ಇಲ್ಲವೋ, ಇದ್ದದ್ದು ಇದ್ದ ಹಾಗೆ ಹೇಳು. ಅವಳು ಇಂಗ್ಲೆಂಡಿನ ಡಾಪಾ ಎಂಬ ದೊಡ್ಡ ಪರೀಕ್ಷೆಯ ವಿಷಯ ಹೇಳಿದಳು. 2018ರಲ್ಲಿ ಫಲಿತಾಂಶ ಬಂತಂತೆ. ಡಿಮೆನ್ಶಿಯಾ ಇರುವ 494 ಜನ, ಸರಾಸರಿ ವಯಸ್ಸು 77. ಒಂದು ಗುಂಪಿನವರಿಗೆ ನಾಲ್ಕು ತಿಂಗಳು ಜಿಮ್ಮಿನಲ್ಲಿ ಸೈಕಲ್ಲು, ತೂಕ ಎತ್ತುವುದು, ಜೊತೆಗೆ ಮನೆಯಲ್ಲೂ ವ್ಯಾಯಾಮ. ಮೈಯ ಕಸುವು ಸುಧಾರಿಸಿತು, ಆರು ನಿಮಿಷದಲ್ಲಿ ಹೆಚ್ಚು ದೂರ ನಡೆದರು. ಬುದ್ಧಿಯ ಪರೀಕ್ಷೆಯಲ್ಲಿ ಮಾತ್ರ ವರ್ಷದ ಕೊನೆಗೆ ಅವರು ಉಳಿದವರಿಗಿಂತ ತುಸು ಹಿಂದೆಯೇ ಇದ್ದರು. ದಿನದ ಕೆಲಸಗಳಲ್ಲೂ ವ್ಯತ್ಯಾಸ ಕಾಣಲಿಲ್ಲ.

ಕೇಳಿ ಮನಸ್ಸು ಕುಗ್ಗಿತು. ಆದರೂ ಇದು ಗೊತ್ತಿರಬೇಕಾದ ಸಂಗತಿ. ಅತ್ತೆಯನ್ನು ದಿನಾ ಕುರ್ಚಿಯಿಂದ ಎಬ್ಬಿಸುತ್ತಿರುವುದು ನನ್ನ ಹೆಸರು ಅವರಿಗೆ ನೆನಪಾಗಲಿ ಎಂದಲ್ಲ. ಅದನ್ನು ಈಗಲೇ ಮನಸ್ಸಿಗೆ ಹೇಳಿಕೊಂಡಿರುವುದು ಒಳ್ಳೆಯದು.

ಜುಲೈ 7, ಭಾನುವಾರ

ಅಕ್ಕನ ಮಗಳೇ ಇನ್ನೊಂದು ಪರೀಕ್ಷೆಯ ವಿವರ ಕಳಿಸಿದ್ದಳು. ಫಿನ್ಲೆಂಡಿನದು, 2013ರದು. ಅಲ್ಜೈಮರ್ ಇದ್ದು ಗಂಡನ ಜೊತೆಗೋ ಹೆಂಡತಿಯ ಜೊತೆಗೋ ಮನೆಯಲ್ಲೇ ಇರುವ 210 ಜನ. ಮೂರು ಪಾಲು ಮಾಡಿದರು. ಒಂದು ಪಾಲಿನವರ ಮನೆಗೇ ಫಿಜಿಯೋಥೆರಪಿಸ್ಟ್ ವಾರಕ್ಕೆ ಎರಡು ಸಲ ಹೋಗಿ ಒಂದೊಂದು ಗಂಟೆ, ಇಡೀ ವರ್ಷ, ಅವರವರಿಗೆ ತಕ್ಕ ವ್ಯಾಯಾಮ ಮಾಡಿಸಿದರು. ಇನ್ನೊಂದು ಪಾಲಿನವರಿಗೆ ಗುಂಪಿನಲ್ಲಿ. ಮೂರನೆಯವರಿಗೆ ಎಂದಿನ ಆರೈಕೆ. ವರ್ಷದ ಕೊನೆಗೆ ಏಳುವುದು, ನಡೆಯುವುದು, ಉಡುವುದು, ತೊಡುವುದು ಇಂಥವನ್ನು ಅಳೆದರು. ಮೂರೂ ಪಾಲಿನವರು ಇಳಿದಿದ್ದರು. ಎಂದಿನ ಆರೈಕೆಯವರು 14.4 ಅಂಕ, ಗುಂಪಿನವರು 10.3, ಮನೆಯಲ್ಲಿ ಮಾಡಿದವರು 7.1. ವ್ಯಾಯಾಮ ಮಾಡಿದವರು ಬಿದ್ದದ್ದೂ ಕಡಿಮೆ.

ಎಲ್ಲರೂ ಇಳಿದರು ಎಂಬುದನ್ನೇ ಬಹಳ ಹೊತ್ತು ನೋಡುತ್ತಾ ಕೂತೆ. ಯಾರೂ ಹತ್ತಲಿಲ್ಲ. ಆದರೆ ಅರ್ಧಕ್ಕರ್ಧ ನಿಧಾನವಾಗಿ ಇಳಿಯುವುದು ಎಂದರೆ ನಮ್ಮ ಮನೆಯ ಲೆಕ್ಕದಲ್ಲಿ ಏನು? ಇನ್ನಷ್ಟು ದಿನ ರಾತ್ರಿ ತಾವೇ ಎದ್ದು ಬಚ್ಚಲಿಗೆ ಹೋಗುತ್ತಾರೆ. ಇನ್ನಷ್ಟು ದಿನ ಡಯಪರ್ ಮಾತು ಬರುವುದಿಲ್ಲ. ಮಗನ ಮುಂದೆ ಮಾನ ಮುಚ್ಚಿಕೊಂಡು ಇರುತ್ತಾರೆ. ಅತ್ತೆಗೆ ಅದು ಎಷ್ಟು ದೊಡ್ಡದು ಎಂದು ನನಗೆ ಗೊತ್ತು. ಮೊನ್ನೆ ಇವರು ಸೀರೆಯ ಸೆರಗು ಸರಿಮಾಡಲು ಹೋದಾಗ ಕೈಯನ್ನು ತಳ್ಳಿ ಗೋಡೆಯ ಕಡೆ ತಿರುಗಿ ನಿಂತರು. ಹೆಸರು ಮರೆತರೂ ನಾಚಿಕೆ ಮರೆತಿಲ್ಲ.

ಡಾಪಾದಲ್ಲಿ ಬಾರದ ಲಾಭ ಇಲ್ಲಿ ಹೇಗೆ ಬಂತು ಎಂದು ಕೇಳಿದೆ. ಖಚಿತವಾಗಿ ಯಾರೂ ಹೇಳಲಾರರು ಎಂದಳು. ನನಗೆ ತೋಚುವುದು ಇದು: ಫಿನ್ಲೆಂಡಿನಲ್ಲಿ ಅವರವರ ಮನೆಗೇ ಹೋದರು, ಅವರವರಿಗೆ ತಕ್ಕ ಹಾಗೆ ಹೇಳಿಕೊಟ್ಟರು, ವರ್ಷಪೂರ್ತಿ ಬಿಡಲಿಲ್ಲ. ಕಬಡ್ಡಿ ಆಡುವ ಹುಡುಗಿಯರಿಗೂ ಇದೇ. ಬರೀ ರೌಂಡು ಓಡಿಸಿದರೆ ಉಸಿರು ಗಟ್ಟಿಯಾಗುತ್ತದೆ, ರೈಡಿಂಗ್ ಬರುವುದಿಲ್ಲ. ರೈಡಿಂಗ್ ಬರಬೇಕಾದರೆ ಅಂಕಣದಲ್ಲೇ ರೈಡ್ ಮಾಡಿಸಬೇಕು.

ಜುಲೈ 18, ಗುರುವಾರ

ಮೂರು ದಿನದಿಂದ ಜಡಿಮಳೆ. ಅತ್ತೆ ಇವತ್ತು ಹಾಸಿಗೆ ಬಿಟ್ಟು ಏಳಲಿಲ್ಲ. ಕೈ ಹಿಡಿದರೆ ಕೊಸರಿಕೊಂಡರು, ಬೈದರು. ಬಿಪಿ ನೋಡಿದೆ, ಸರಿ ಇದೆ. ಜ್ವರ ಇಲ್ಲ. ಉರಿಮೂತ್ರ ಇರಬಹುದೇ ಎಂದು ಡಾಕ್ಟರಿಗೆ ಫೋನು ಮಾಡಿದೆ, ವಯಸ್ಸಾದವರಲ್ಲಿ ಹೀಗೆ ದಿಢೀರನೆ ಬದಲಾದರೆ ಅದನ್ನು ನೋಡಲೇಬೇಕಂತೆ. ನಾಳೆ ಲ್ಯಾಬಿಗೆ ಕೊಡುತ್ತೇನೆ. ವ್ಯಾಯಾಮ ಇಲ್ಲ.

ಜುಲೈ 28, ಭಾನುವಾರ

ನಾದಿನಿ ಬೆಂಗಳೂರಿನಿಂದ ನಿನ್ನೆ ಬಂದಳು, ಇವತ್ತು ಸಂಜೆ ಹೋದಳು. ನಡುವೆ ನಡೆದ ಮಾತು ಬರೆಯಬೇಕು.

ಬೆಳಿಗ್ಗೆ ಅತ್ತೆ ಅಡಿಗೆಮನೆಯಲ್ಲಿ ನಿಂತು ಅವರೇಕಾಳು ಬಿಡಿಸುತ್ತಿದ್ದರು. ನಿಂತುಕೊಂಡೇ ಮಾಡಿಸುತ್ತೇನೆ, ಕಟ್ಟೆಗೆ ಸೊಂಟ ತಾಗುವಂತೆ, ಹಿಂದೆ ಕುರ್ಚಿ ಇಟ್ಟು. ಕಾಲಿಗೂ ಆಯಿತು, ಕೈಗೂ ಆಯಿತು. ನಾದಿನಿ ಒಳಗೆ ಬಂದವಳೇ ಬಟ್ಟಲು ಕಿತ್ತುಕೊಂಡಳು. "ಅತ್ತಿಗೆ, ಜೀವಮಾನ ಪೂರ್ತಿ ದುಡಿದಿದ್ದಾರೆ. ಈಗಲೂ ಅಮ್ಮನ ಕೈಲಿ ಕೆಲಸ ಮಾಡಿಸ್ತೀರಾ? ನೋಡಿದವರು ಏನಂದಾರು?" ಎಂದಳು. ಕಣ್ಣಲ್ಲಿ ನೀರಿತ್ತು. ತಾಯಿಯ ಮೇಲಿನ ಪ್ರೀತಿಗೆ ಆಡಿದ ಮಾತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಟ್ಟಲು ಹೋದ ಮೇಲೆ ಅತ್ತೆಯ ಕೈ ಕಟ್ಟೆಯ ಮೇಲೆ ಕಾಳಿಗಾಗಿ ತಡಕಾಡಿದ್ದನ್ನು ಅವಳು ನೋಡಲಿಲ್ಲ.

ನಾನು ಮಾತಿಗೆ ಮಾತು ಬೆಳೆಸಲಿಲ್ಲ. ಮಧ್ಯಾಹ್ನ ಅತ್ತೆಯ ಸ್ನಾನಕ್ಕೆ ಅವಳನ್ನೇ ಜೊತೆಗೆ ಕರೆದೆ.

ಸ್ನಾನ ಎಂಬುದು ಒಂದು ಕೆಲಸವಲ್ಲ, ಅದರೊಳಗೆ ಹತ್ತಾರು ಕೆಲಸಗಳಿವೆ. ಹೊಸ್ತಿಲು ದಾಟಬೇಕು, ಸ್ಟೂಲಿನ ಮೇಲೆ ಕೂರಬೇಕು, ಚೊಂಬನ್ನು ಬಕೆಟ್ಟಿಗೆ ಅದ್ದಬೇಕು, ತಲೆಯ ಎತ್ತರಕ್ಕೆ ಎತ್ತಬೇಕು, ಸುರಿಯಬೇಕು, ಸೋಪು ಎತ್ತಬೇಕು, ಉಜ್ಜಬೇಕು, ಸೋಪನ್ನು ಮತ್ತೆ ಅದರ ಜಾಗಕ್ಕೆ ಇಡಬೇಕು. ಅತ್ತೆಗೆ ಸಿಕ್ಕಿಬೀಳುವುದು ಎರಡೇ ಕಡೆ: ಶುರು ಮಾಡುವಾಗ, ಮತ್ತು ಸೋಪಿನಿಂದ ನೀರಿಗೆ ವಾಪಸ್ ಬರುವಾಗ. ಆ ಎರಡು ಕಡೆ ನಾನು ಚೊಂಬನ್ನು ಅವರ ಕೈಗೆ ತಾಗಿಸುತ್ತೇನೆ, ಮಾತಾಡುವುದಿಲ್ಲ. ಉಳಿದದ್ದೆಲ್ಲ ಅವರದ್ದೇ. ಬೆನ್ನು ಮಾತ್ರ ನಾನು ಉಜ್ಜುತ್ತೇನೆ, ಅದು ಎಲ್ಲರಿಗೂ ಇನ್ನೊಬ್ಬರು ಉಜ್ಜುವ ಜಾಗವೇ. ಚೊಂಬನ್ನೂ ಬದಲಾಯಿಸಿದ್ದೇನೆ. ಬಿಳಿ ಟೈಲ್ಸಿನ ಮುಂದೆ ಬಿಳಿ ಪ್ಲಾಸ್ಟಿಕ್ ಮಗ್ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಹಳೆಯ ಹಿತ್ತಾಳೆ ಚೊಂಬು ತಂದಿಟ್ಟ ಮೇಲೆ ಕೈ ತಾನಾಗಿ ಹೋಗುತ್ತದೆ.

ನಾದಿನಿ ಬಾಗಿಲ ಹತ್ತಿರ ನಿಂತು ಪೂರ್ತಿ ನೋಡಿದಳು. ಅವಳ ಮನೆಗೆ ಹೋದಾಗ ಅತ್ತೆಗೆ ಆಯಾ ಸ್ನಾನ ಮಾಡಿಸುತ್ತಾಳೆ, ಐದು ನಿಮಿಷಕ್ಕೆ ಮುಗಿಯುತ್ತದೆ. ಇಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ಆ ಮುಕ್ಕಾಲು ಗಂಟೆ ಎಲ್ಲಿಂದ ತರುವುದು ಎಂಬುದೇ ನಿಜವಾದ ಪ್ರಶ್ನೆ, ನಾನೂ ಸ್ಕೂಲಿನ ದಿನಗಳಲ್ಲಿ ಇದಕ್ಕಾಗಿ ನಾಲ್ಕೂವರೆಗೆ ಏಳುತ್ತೇನೆ. ಸೊಸೆಯಂದಿರು ತಾಳ್ಮೆ ಇಟ್ಟುಕೊಳ್ಳಬೇಕು ಎಂದು ಉಪದೇಶ ಮಾಡುವವರು ಆ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾನುವಾರದ ಸ್ನಾನದ ಹೊತ್ತಿಗೆ ಅಡಿಗೆ ಇವರದು ಎಂದು ಹೇಳಿಬಿಟ್ಟಿದ್ದೇನೆ, ಮಾಡುತ್ತಾರೆ.

ಕಾಫಿಗೆ ಕೂತಾಗ ಅವಳಿಗೆ ಹೇಳಿದೆ. ಅಮೆರಿಕದ ಕ್ಯಾಟ್ಜ್ ಎಂಬ ವೈದ್ಯರು 1963ರಲ್ಲಿ ಮನುಷ್ಯ ತನ್ನ ಕಾಲ ಮೇಲೆ ತಾನು ಇದ್ದಾನೋ ಇಲ್ಲವೋ ಎಂದು ಅಳೆಯಲು ಆರು ಕೆಲಸಗಳನ್ನು ಆರಿಸಿದರು: ಸ್ನಾನ, ಬಟ್ಟೆ, ಕಕ್ಕಸು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಸ್ನಾನ ಮೊದಲು ಹೋಗುತ್ತದೆ, ಊಟ ಕೊನೆಗೆ. ಅಮ್ಮನದು ಈಗ ಮೊದಲ ಎರಡರಲ್ಲಿ ನಿಂತಿದೆ. ಅದನ್ನು ಅಲ್ಲೇ ಹಿಡಿದು ನಿಲ್ಲಿಸುವುದಕ್ಕೆ ನಾನು ಒದ್ದಾಡುತ್ತಿರುವುದು. ನಾವು ಕಿತ್ತುಕೊಂಡ ಕೆಲಸ ವಾರ ಎರಡು ವಾರ ಅವರ ಕೈಗೆ ಸಿಗದೇ ಹೋದರೆ ಮತ್ತೆ ಕೊಟ್ಟರೂ ಬರುವುದಿಲ್ಲ, ಒಲೆಯ ವಿಷಯದಲ್ಲಿ ಕಂಡಿದ್ದೇವೆ.

"ಹಾಗಾದ್ರೆ ಬಿದ್ರೆ?" ಎಂದಳು. ನ್ಯಾಯವಾದ ಪ್ರಶ್ನೆ. ಬಚ್ಚಲಿಗೆ ಹಿಡಿಕೆ ಕಂಬಿ ಹಾಕಿಸಿದ್ದೇವೆ, ನೆಲಕ್ಕೆ ರಬ್ಬರ್ ಮ್ಯಾಟು ಬಂದಿದೆ, ನಾನು ಕೈಗೆಟಕುವಷ್ಟು ಹತ್ತಿರ ಇರುತ್ತೇನೆ. ಕೂರಿಸಿಬಿಟ್ಟರೆ ಬೀಳುವುದಿಲ್ಲ ಎಂಬುದೂ ಸುಳ್ಳು. ಕೂತು ಕೂತು ತೊಡೆ ಸೊರಗಿದವರೇ ಎದ್ದ ಒಂದು ಸಲಕ್ಕೆ ಬೀಳುವುದು.

ಹೋಗುವಾಗ ಅವಳು ಪೂರ್ತಿ ಒಪ್ಪಿರಲಿಲ್ಲ.

ಆಗಸ್ಟ್ 4, ಭಾನುವಾರ

ಭೀಮನ ಅಮಾವಾಸ್ಯೆ. ಪಕ್ಕದ ಬೀದಿಯ ಅಜ್ಜಿಯೊಬ್ಬರು ತೀರಿಕೊಂಡಿದ್ದರು, ಹೋಗಿದ್ದೆ. ಅವರ ಸೊಸೆ ಹೇಳಿದ್ದು: "ಎರಡು ಮೂರು ವರ್ಷದಿಂದ ಅರಳು ಮರಳು ಆಗಿತ್ತು, ವಯಸ್ಸಿಗೆ ಸಹಜ ಅಂದ್ಕೊಂಡು ನಾವೇನೂ ತೋರಿಸಲಿಲ್ಲ." ಅವರನ್ನು ದೂರುವಂತಿಲ್ಲ. ನಮ್ಮ ಕಡೆ ಸೊಸೆ ಬಂದ ಮೇಲೆ ಒಲೆ, ಲೆಕ್ಕ, ಸಂತೆ ಒಂದೊಂದಾಗಿ ಅತ್ತೆಯ ಕೈಬಿಟ್ಟು ಹೋಗುವುದು ಮರ್ಯಾದೆ. ಮುದುಕಿ ಸುಮ್ಮನೆ ಕೂತಿದ್ದರೆ ಅದು ಕಾಯಿಲೆಯೋ ಪದ್ಧತಿಯೋ ಯಾರಿಗೆ ಗೊತ್ತಾಗಬೇಕು?

ಇಂಥದ್ದನ್ನು ಅಳೆಯಲು ಅಮೆರಿಕದಲ್ಲಿ 1969ರಲ್ಲಿ ಮಾಡಿದ ಪಟ್ಟಿಯಲ್ಲಿ ಫೋನು ಮಾಡುವುದು, ಹಣದ ವ್ಯವಹಾರ, ಒಬ್ಬರೇ ಬಸ್ಸು ಹತ್ತುವುದು ಇದೆ. ಬ್ಯಾಂಕಿನ ಮೆಟ್ಟಿಲೇ ಹತ್ತದ ಹಳ್ಳಿಯ ಹೆಂಗಸನ್ನು ಅದರಲ್ಲಿ ಅಳೆದರೆ ಬುದ್ಧಿ ನೆಟ್ಟಗಿದ್ದಾಗಲೂ ಫೇಲು. ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ಓದು ಬರಹ ಬಾರದ ವೃದ್ಧರಿಗೆಂದೇ ಬೇರೆ ಪಟ್ಟಿ ಮಾಡಿದ್ದಾರೆ, ಊರಿನ ದಿನನಿತ್ಯದ ಕೆಲಸಗಳನ್ನೇ ಕೇಳುವಂಥದ್ದು. ಅಂಥದ್ದು ಪ್ರತಿ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇರಬೇಕು ಎಂದು ನನಗೆ ಅನ್ನಿಸುತ್ತದೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಜನಕ್ಕೆ ಡಿಮೆನ್ಶಿಯಾ, ಸುಮಾರು 88 ಲಕ್ಷ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ನಮ್ಮ ಬೀದಿಗಳಲ್ಲಿ ಎಷ್ಟು ಮನೆಯ ಒಳಕೋಣೆಯಲ್ಲಿ ಯಾರು ಕೂತಿದ್ದಾರೋ.

ಆಗಸ್ಟ್ 16, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ನಿನ್ನೆ ಸ್ಕೂಲಿನಲ್ಲಿ ಧ್ವಜಾರೋಹಣ ಮುಗಿಸಿ ಬಂದು ಕಳಶಕ್ಕೆ ಸೀರೆ ಉಡಿಸಲು ಕೂತೆ. ಹಸಿರು ರೇಷ್ಮೆ, ಜಾರುತ್ತದೆ, ನಿರಿಗೆ ನಿಲ್ಲಲೊಲ್ಲದು. ಅತ್ತೆ ಮಂಚದ ಮೇಲಿಂದ ನೋಡುತ್ತಿದ್ದರು. "ಹಂಗಲ್ಲ" ಎಂದರು. ಎದ್ದರು, ಮಂಚದ ಅಂಚಿಗೆ ಸರಿದು, ಮುಂದಕ್ಕೆ ಬಾಗಿ, ಯಾರನ್ನೂ ಹಿಡಿಯದೆ. ಮೇಜಿನ ಹತ್ತಿರ ಬಂದು ಸೀರೆಯ ಅಂಚನ್ನು ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಅಗಲಿಸಿ ಹಿಡಿದು ಒಂದು ಮಡಿಕೆ, ತಿರುಗಿಸಿ ಇನ್ನೊಂದು. ಎಲ್ಲ ಒಂದೇ ಅಳತೆ. ಒಂಬತ್ತು ನಿರಿಗೆ ಆದ ಮೇಲೆ ನನ್ನ ಕಡೆ ಕೈ ಚಾಚಿದರು. ಪಿನ್ನು ಕೇಳುತ್ತಿದ್ದಾರೆ ಎಂದು ಗೊತ್ತಾಗಲು ನನಗೆ ಒಂದು ಕ್ಷಣ ಬೇಕಾಯಿತು.

ತಮ್ಮ ಮೈಮೇಲಿನ ಸೀರೆಗೆ ಹಾಕಲಾಗದ ನಿರಿಗೆಯನ್ನು ಮೇಜಿನ ಮೇಲೆ ಹಾಕಿದರು! ಕಣ್ಣೆದುರು ಇದ್ದದ್ದಕ್ಕೋ, ಎರಡೂ ಕೈ ಬಿಡುವಾಗಿದ್ದುದಕ್ಕೋ. ಅಕ್ಕನ ಮಗಳಿಗೆ ಹೇಳಿದರೆ ಕುಣಿದಾಡಿದಳು. "ಅದನ್ನೇ ಹಿಡ್ಕೊಳ್ಳಿ ಚಿಕ್ಕಮ್ಮ" ಎಂದಳು. ಬ್ರಿಟನ್ನಿನಲ್ಲಿ 2019ರಲ್ಲಿ ಪ್ರಕಟವಾದ ಗ್ರೇಟ್ ಎಂಬ ಪರೀಕ್ಷೆಯಲ್ಲಿ 475 ಜನರ ಮೇಲೆ ನೋಡಿದ್ದು ಇದನ್ನೇ ಅಂತೆ. ಕಾಯಿಲೆಯ ಮೊದಲ ಹಂತಗಳಲ್ಲಿರುವವರು ತಮಗೆ ಬೇಕಾದ ಕೆಲಸವನ್ನು ತಾವೇ ಆರಿಸಿಕೊಳ್ಳುತ್ತಾರೆ. ಚಿಕಿತ್ಸಕರು ಮನೆಗೆ ಬಂದು ಆ ಕೆಲಸವನ್ನೇ, ಅಲ್ಲೇ, ಅವರಿಗೆ ಒಗ್ಗುವ ದಾರಿ ಹುಡುಕಿ ಅಭ್ಯಾಸ ಮಾಡಿಸುತ್ತಾರೆ. ನೆನಪಿನ ಪರೀಕ್ಷೆಯ ಅಂಕ ಏರಲಿಲ್ಲ. ಆರಿಸಿಕೊಂಡ ಕೆಲಸ ಮಾತ್ರ ಮೊದಲಿಗಿಂತ ಚೆನ್ನಾಗಿ ಆಯಿತು.

ಇವತ್ತು ಬೆಳಿಗ್ಗೆ ಅತ್ತೆಯ ಕಾಟನ್ ಸೀರೆಯನ್ನು ಮಂಚದ ಮೇಲೆ ಹರಡಿ ನಿರಿಗೆಯನ್ನು ಅವರ ಕೈಯಲ್ಲೇ ಹಾಕಿಸಿ, ಬಟ್ಟೆ ಕ್ಲಿಪ್ಪು ಸಿಕ್ಕಿಸಿದೆ. ಆಮೇಲೆ ಸೊಂಟಕ್ಕೆ ಒಂದು ಸುತ್ತು, ಕ್ಲಿಪ್ಪಿನ ಸಮೇತ ನಿರಿಗೆಯನ್ನು ಒಳಗೆ ಸಿಕ್ಕಿಸುವುದು ಅವರೇ. ಸೆರಗು ಅವರಿಗೆ ಬರುತ್ತದೆ. ಕ್ಲಿಪ್ಪು ತೆಗೆದದ್ದೊಂದೇ ನಾನು ಮಾಡಿದ್ದು. ಕುಂಕುಮಕ್ಕೆ ಬಂದ ಹೆಂಗಸರ ಮುಂದೆ ತಾವೇ ಉಟ್ಟ ಸೀರೆಯಲ್ಲಿ ಕೂತರು. ಬಂದವರಿಗೆಲ್ಲ ಎದ್ದು ಎದ್ದು ಅರಿಸಿನ ಕುಂಕುಮ ಕೊಟ್ಟರು, ಒಬ್ಬರಿಗೆ ಎರಡು ಸಲ ಕೊಟ್ಟರು, ಅವರು ಎರಡು ಸಲವೂ ತಗೊಂಡರು. ಕೂತು ಏಳುವ ಇವತ್ತಿನ ವ್ಯಾಯಾಮ ಹಾಗೆಯೇ ಮುಗಿಯಿತು.

ಫೋಟೋ ತೆಗೆದು ನಾದಿನಿಗೆ ಕಳಿಸಿ, ಅಮ್ಮನೇ ಉಟ್ಟದ್ದು ಎಂದು ಬರೆದೆ.

ಸೆಪ್ಟೆಂಬರ್ 15, ಭಾನುವಾರ

ನಾದಿನಿಯೇ ಫೋನು ಮಾಡಿದಳು. ದಸರಾದಿಂದ ದೀಪಾವಳಿಯ ತನಕ ಅಮ್ಮ ತನ್ನ ಹತ್ತಿರ ಇರಲಿ ಎನ್ನುತ್ತಾಳೆ. ಸ್ಕೂಲಿನಲ್ಲಿ ಕ್ರೀಡಾಕೂಟದ ಕಾಲ, ನನಗೂ ಅದು ಬೇಕಾಗಿದೆ. ಆದರೆ ಹೊಸ ಜಾಗದಲ್ಲಿ ಅತ್ತೆಗೆ ದಿಕ್ಕು ತಪ್ಪುತ್ತದೆ, ಈ ಮನೆಯಲ್ಲಿ ಕತ್ತಲಲ್ಲೂ ಬಚ್ಚಲು ಸಿಗುತ್ತದೆ, ಅಲ್ಲಿ ಸಿಗುವುದಿಲ್ಲ. ಅದಕ್ಕೆ ಇವತ್ತು ಅವಳಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಬಚ್ಚಲಿನ ದೀಪ ರಾತ್ರಿಯಿಡೀ ಉರಿಯಲಿ, ಬಾಗಿಲು ಅರ್ಧ ತೆರೆದಿರಲಿ. ಹಿತ್ತಾಳೆ ಚೊಂಬು, ಬಟ್ಟೆ ಕ್ಲಿಪ್ಪು, ಮೊರ ಇಲ್ಲಿಂದಲೇ ಬರುತ್ತವೆ. ಆಯಾಗೆ ಅವಳೇ ಎದುರಿಗೆ ನಿಂತು ಹೇಳಬೇಕು, ಕೆಲಸ ಬೇಗ ಮುಗಿಸಿದ್ದಕ್ಕೆ ಇಲ್ಲಿ ಹೊಗಳಿಕೆ ಇಲ್ಲ ಎಂದು. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿಸುವುದು, ಕೂತು ಏಳಿಸುವುದು, ಸಂಜೆ ಮಾತಾಡಿಸುತ್ತಾ ನಡೆಸುವುದು. ಉಸಿರು ಕಟ್ಟಿದರೆ, ತಲೆ ಸುತ್ತು ಅಂದರೆ, ಎದೆಗೆ ಕೈ ಇಟ್ಟರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳುವುದು. ಬೇಡ ಎಂದ ದಿನ ಬಲವಂತ ಬೇಡ.

ಓದಿ ಅವಳು ಕೇಳಿದ್ದು ಒಂದೇ: "ಅತ್ತಿಗೆ, ಇಷ್ಟೆಲ್ಲ ಮಾಡಿದರೂ ಅಮ್ಮನಿಗೆ ನಾನು ಯಾರು ಅಂತ ಗೊತ್ತಾಗಲ್ಲ ಅಲ್ವಾ, ಮುಂದೆ?" ಗೊತ್ತಾಗದೇ ಹೋಗಬಹುದು ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳು ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, ಕಂಬಿ ಹಾಕುವವನಿಗೆ ನಾಳೆಯೇ ಬರಲು ಹೇಳುತ್ತೇನೆ, ಎಷ್ಟು ಎತ್ತರಕ್ಕೆ ಹಾಕಿಸಲಿ ಎಂದು ಕೇಳಿದಳು. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಅವರು ಹಿಡಿಯಲು ಕೈ ಚಾಚುವ ಜಾಗಕ್ಕೆ ಟೇಪು ಹಿಡಿದು ಅಳತೆ ಕಳಿಸಿದೆ.

ಸೋಫಾದ ಮಾತು ಮಾತ್ರ ಉಳಿದಿದೆ. ಅವಳ ಮನೆಯದು ತಗ್ಗು, ಕೂತರೆ ಹುಗಿದುಹೋಗುತ್ತದೆ, ಅದರಿಂದ ಅತ್ತೆ ಒಬ್ಬರೇ ಏಳಲಾರರು. ನಮ್ಮ ಊಟದ ಮನೆಯ ಮರದ ಕುರ್ಚಿಯನ್ನೇ ಕಾರಿನ ಹಿಂದೆ ಹಾಕಿಕೊಂಡು ಹೋಗು ಎಂದಿದ್ದೇನೆ. ಡಿಕ್ಕಿಯಲ್ಲಿ ಹಿಡಿಯುವುದಿಲ್ಲ ಎನ್ನುತ್ತಾಳೆ. ಹಿಡಿಯದಿದ್ದರೆ ಇವರ ಮಂಡಿಯ ಲಾರಿ ಬೆಂಗಳೂರಿಗೆ ಹೋಗುವ ದಿನ ಕೊಬ್ಬರಿ ಮೂಟೆಯ ಜೊತೆಗೆ ಏರಿಸಿ ಕಳಿಸಬೇಕು, ಇವರಿಗೆ ಹೇಳಿದ್ದೇನೆ.